ಕೆರೆಯಂಚಿನ ಹಕ್ಕಿಗಳ ಎಣಿಕೆ: ಬಯಲುಸೀಮೆಯ ನಾಲ್ಕು ತಾಲ್ಲೂಕುಗಳಲ್ಲಿ ನಾಗರಿಕ ವಿಜ್ಞಾನದ ನೆಲೆ

ಪೀಠಿಕೆ

ಕಡಲತೀರದ ಜೀವಜಾಲವನ್ನು ಸ್ಥಳೀಯ ಸ್ವಯಂಸೇವಕರು ನಿಯತವಾಗಿ ಗಮನಿಸಿ ದಾಖಲಿಸುವ ಪದ್ಧತಿ ಇಂದು ಜಗತ್ತಿನ ಅನೇಕ ದೇಶಗಳಲ್ಲಿ ರೂಢಿಗೆ ಬಂದಿದೆ. ನಮ್ಮ ಕರಾವಳಿಯಲ್ಲಿಯೂ ಕಡಲಾಮೆಗಳು ಮೊಟ್ಟೆಯಿಡುವ ತಾಣಗಳನ್ನು ಮೀನುಗಾರರೂ ಪರಿಸರಾಸಕ್ತರೂ ಗುರುತಿಸಿ ಅರಣ್ಯ ಇಲಾಖೆಗೆ ತಿಳಿಸುವ, ಮರಿಗಳು ಕಡಲು ಸೇರುವವರೆಗೆ ಕಾಯುವ ಕೆಲಸ ನಡೆದುಬಂದಿದೆ. ಆದರೆ ಸಮುದ್ರದಿಂದ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರವಿರುವ, ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳಲ್ಲಿ ‘ತೀರ’ ಎಂಬ ಮಾತಿಗೆ ಅರ್ಥವಿದೆಯೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಅರ್ಥವಿದೆ ಎಂಬುದೇ ಪ್ರಸ್ತುತ ಲೇಖನದ ಪ್ರತಿಪಾದನೆ. ಅವಿಭಜಿತ ಕೋಲಾರ ಜಿಲ್ಲೆ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳ ನಾಡೆಂದು ಹೆಸರಾಗಿತ್ತು. 2007ರಲ್ಲಿ ಆ ಜಿಲ್ಲೆಯಿಂದ ಬೇರ್ಪಟ್ಟು ರೂಪುಗೊಂಡ ಚಿಕ್ಕಬಳ್ಳಾಪುರ ಜಿಲ್ಲೆಯ ಪಾಲಿಗೂ ಆ ಕೆರೆಗಳಲ್ಲಿ ದೊಡ್ಡ ಭಾಗ ಬಂದಿತು. ಒಂದೊಂದು ಕೆರೆಗೂ ಒಂದು ಅಂಚಿದೆ. ಆ ಅಂಚುಗಳನ್ನೆಲ್ಲ ಕೂಡಿಸಿದರೆ ಅದೊಂದು ಬಹು ಉದ್ದದ ತೀರವೇ ಸರಿ. ಉತ್ತರ ಗೋಲಾರ್ಧದ ಶೀತ ಪ್ರದೇಶಗಳಿಂದ ಚಳಿಗಾಲ ಕಳೆಯಲು ಬರುವ ಗೊರವ ಮುಂತಾದ ಹಕ್ಕಿಗಳು ಕಡಲತೀರದ ಕೆಸರಿನಲ್ಲಿ ಹೇಗೋ ಹಾಗೆಯೇ ಈ ಕೆರೆಗಳ ಕೆಸರಿನಲ್ಲಿಯೂ ಆಹಾರ ಹುಡುಕುತ್ತವೆ. ಈ ತೀರದ ಸ್ವರೂಪವೇನು, ಅದನ್ನು ಸಾಮಾನ್ಯ ಜನರು ಗಮನಿಸಿ ಬರೆದಿಡುವುದು ಹೇಗೆ, ಹಾಗೆ ಬರೆದಿಡುವುದು ಇಂದು ಏಕೆ ಅನಿವಾರ್ಯವಾಗಿದೆ ಎಂಬ ಮೂರು ಪ್ರಶ್ನೆಗಳನ್ನು ಇಲ್ಲಿ ಪರಿಶೀಲಿಸಲಾಗಿದೆ.

ವರ್ಷಕ್ಕೊಂದು ಉಬ್ಬರ, ವರ್ಷಕ್ಕೊಂದು ಇಳಿತ

ಕಡಲತೀರದಲ್ಲಿ ನೀರು ದಿನಕ್ಕೆರಡು ಬಾರಿ ಏರಿ ಇಳಿಯುತ್ತದೆ. ಇಳಿದಾಗ ತೆರೆದುಕೊಳ್ಳುವ ಕೆಸರುನೆಲವೇ ಅಲ್ಲಿನ ಹಕ್ಕಿಗಳಿಗೆ ಊಟದ ಎಲೆ. ಬಯಲುಸೀಮೆಯ ಕೆರೆಯಲ್ಲಿ ಇದೇ ಕ್ರಿಯೆ ವರ್ಷಕ್ಕೊಮ್ಮೆ ನಡೆಯುತ್ತದೆ. ಈ ಭಾಗದಲ್ಲಿ ಮಳೆಯ ಮುಖ್ಯ ಕಾಲ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳು. ಒಳ್ಳೆಯ ವರ್ಷದಲ್ಲಿ ನವೆಂಬರಿನ ಹೊತ್ತಿಗೆ ಕೆರೆ ತುಂಬಿ ಕೋಡಿ ಬೀಳುತ್ತದೆ. ಆ ಬಳಿಕ ತೂಬಿನ ಮೂಲಕ ಅಚ್ಚುಕಟ್ಟಿಗೆ ಹರಿಯುವ ನೀರು, ನೆಲಕ್ಕಿಳಿಯುವ ನೀರು, ಬಿಸಿಲಿಗೆ ಆವಿಯಾಗುವ ನೀರು ಎಂಬ ಮೂರು ಕಾರಣಗಳಿಂದ ಮಟ್ಟ ದಿನೇ ದಿನೇ ತಗ್ಗುತ್ತಾ ಬಂದು, ಮೇ ತಿಂಗಳ ವೇಳೆಗೆ ಅಂಗಳದ ಬಹುಭಾಗ ಬರಿದಾಗುತ್ತದೆ. ಕೆರೆಯೆಂಬುದು ವರ್ಷಕ್ಕೊಂದೇ ಉಬ್ಬರ, ಒಂದೇ ಇಳಿತವಿರುವ ಪುಟ್ಟ ಕಡಲು.

ವಲಸೆ ಹಕ್ಕಿಗಳು ನಮ್ಮಲ್ಲಿ ತಂಗುವುದು ಸುಮಾರಾಗಿ ಸೆಪ್ಟೆಂಬರಿನಿಂದ ಏಪ್ರಿಲ್‌ವರೆಗೆ. ಕೆರೆಯ ಇಳಿತದ ಕಾಲವೂ ಹೆಚ್ಚುಕಡಿಮೆ ಇದೇ. ನೀರು ಪ್ರತಿದಿನ ಸ್ವಲ್ಪಸ್ವಲ್ಪವೇ ಹಿಂದೆ ಸರಿಯುವುದರಿಂದ ಪ್ರತಿದಿನವೂ ಹೊಸದೊಂದು ಪಟ್ಟಿ ಕೆಸರು ತೆರೆದುಕೊಳ್ಳುತ್ತದೆ. ಹಸಿಯಾಗಿರುವ ಆ ಪಟ್ಟಿಯಲ್ಲಿ ಕೀಟಗಳ ಮರಿಹುಳುಗಳು, ಎರೆಹುಳುಗಳು, ಸಣ್ಣ ಬಸವನಹುಳುಗಳು ಹೇರಳವಾಗಿರುತ್ತವೆ. ನೀರು ನಿಧಾನವಾಗಿ ಇಳಿದಷ್ಟೂ ಈ ಊಟ ದೀರ್ಘಕಾಲ ದೊರೆಯುತ್ತದೆ. ಒಮ್ಮೆಲೇ ಇಳಿದರೆ ಅಥವಾ ಇಳಿಯದೆಯೇ ನಿಂತರೆ ಊಟವಿಲ್ಲ.

ಕೆರೆಯ ಅಂಚನ್ನು ಸ್ಥೂಲವಾಗಿ ನಾಲ್ಕು ವಲಯಗಳಾಗಿ ವಿಂಗಡಿಸಬಹುದು. ಮೊದಲನೆಯದು ಆಳದ ನೀರು. ಇಲ್ಲಿ ಮುಳುಗಿ ಮೀನು ಹಿಡಿಯುವ ನೀರುಕಾಗೆ, ಗುಳುಮುಳುಕ ಹಾಗೂ ಜಲಸಸ್ಯಗಳನ್ನು ಮೇಯುವ ನಾಮದ ಕೋಳಿಗಳು ಕಾಣಸಿಗುತ್ತವೆ. ಎರಡನೆಯದು ಮೊಣಕಾಲು ಮುಳುಗುವಷ್ಟು ನೀರು. ಬಣ್ಣದ ಕೊಕ್ಕರೆ, ಬೂದು ಬಕ, ಚಮಚದ ಕೊಕ್ಕು ಮೊದಲಾದ ಉದ್ದಕಾಲಿನ ಹಕ್ಕಿಗಳ ನೆಲೆ ಇದು. ಮೂರನೆಯದು ಪಾದ ನೆನೆಯುವಷ್ಟು ತೆಳುನೀರು ಮತ್ತು ಕೆಸರು. ಮೆಟ್ಟುಗಾಲು ಹಕ್ಕಿ, ಗದ್ದೆಗೊರವಗಳು, ಸಿಪಿಲೆಗಳು ಇಲ್ಲಿ ಸೇರುತ್ತವೆ. ನಾಲ್ಕನೆಯದು ಒಣಗಿ ಬಿರುಕು ಬಿಟ್ಟ ಅಥವಾ ಗರಿಕೆ ಹಬ್ಬಿದ ಅಂಗಳ. ಟಿಟ್ಟಿಭ ಬೇಸಿಗೆಯಲ್ಲಿ ಗೂಡೆಂಬ ಗೂಡಿಲ್ಲದೆ ಬರಿನೆಲದ ಮೇಲೆಯೇ, ಮಣ್ಣಿನ ಬಣ್ಣಕ್ಕೆ ಹೊಂದುವ ನಾಲ್ಕು ಮೊಟ್ಟೆಗಳನ್ನಿಡುವುದು ಇಲ್ಲಿಯೇ. ಕೊಕ್ಕಿನ ಉದ್ದ, ಕಾಲಿನ ಉದ್ದ, ನೀರಿನ ಆಳ ಇವು ಮೂರೂ ಒಂದಕ್ಕೊಂದು ಹೊಂದಿಕೊಂಡಿರುವುದರಿಂದ, ಮಟ್ಟದಲ್ಲಿ ಒಂದೆರಡು ಗೇಣು ವ್ಯತ್ಯಾಸವಾದರೂ ಹಕ್ಕಿಗಳ ಗುಂಪೇ ಬದಲಾಗುತ್ತದೆ. ‘ಕೆರೆಯಲ್ಲಿ ನೀರಿದೆ, ಆದುದರಿಂದ ಹಕ್ಕಿಗಳಿರುತ್ತವೆ’ ಎಂಬ ಸಾಮಾನ್ಯ ತಿಳಿವಳಿಕೆ ಅರ್ಧಸತ್ಯ ಮಾತ್ರ. ಎಷ್ಟು ನೀರು, ಯಾವಾಗ, ಯಾವ ಅಂಚಿನವರೆಗೆ ಎಂಬುದೇ ಮುಖ್ಯವಾದ ಪ್ರಶ್ನೆ.

ನೀರಗಂಟಿಯಿಂದ ಸ್ವಯಂಸೇವಕನವರೆಗೆ

ಕೆರೆಯನ್ನು ದಿನವೂ ಗಮನಿಸುವುದು ಈ ಸೀಮೆಗೆ ಹೊಸದಲ್ಲ. ಹಳೆಯ ಗ್ರಾಮವ್ಯವಸ್ಥೆಯಲ್ಲಿ ನೀರಗಂಟಿಯೆಂಬ ಒಬ್ಬ ಕೆಲಸಗಾರನೇ ಇದಕ್ಕೆ ನೇಮಕವಾಗಿದ್ದನು. ತೂಬನ್ನು ತೆರೆಯುವುದು, ಮುಚ್ಚುವುದು, ಗದ್ದೆಗಳಿಗೆ ಸರದಿಯಂತೆ ನೀರು ಹಾಯಿಸುವುದು, ಏರಿಯಲ್ಲಿ ಬಿರುಕು ಕಂಡರೆ ಊರಿಗೆ ತಿಳಿಸುವುದು ಅವನ ಹೊಣೆ. ತೂಬಿನ ಕಲ್ಲುಕಂಬದ ಎಷ್ಟನೆಯ ಮಟ್ಟಕ್ಕೆ ನೀರು ನಿಂತಿದೆ, ಇನ್ನೆಷ್ಟು ದಿನಕ್ಕೆ ಸಾಲುತ್ತದೆ ಎಂಬ ಲೆಕ್ಕ ಅವನ ಬಾಯಲ್ಲಿತ್ತು. ಕೊಳವೆಬಾವಿಗಳು ಬಂದು ಕೆರೆಯ ನೀರಾವರಿ ಹಿಂದೆ ಸರಿದಂತೆ ಆ ವೃತ್ತಿಯೂ ಬಹುಮಟ್ಟಿಗೆ ಮರೆಯಾಯಿತು. ಅವನ ಅರಿವು ಕಾಗದಕ್ಕೆ ಇಳಿಯದೆಯೇ ಹೋದದ್ದು ನಮ್ಮ ದೊಡ್ಡ ನಷ್ಟ.

ಹಕ್ಕಿಗಳ ವೈಜ್ಞಾನಿಕ ದಾಖಲೆಯ ಇತಿಹಾಸ ಬೇರೆಯೇ ದಾರಿಯದು. ಸಲೀಂ ಅಲಿಯವರು 1939-40ರಲ್ಲಿ ಹಳೆಯ ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆ ನಡೆಸಿದರು. ಅದರ ವರದಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ನಿಯತಕಾಲಿಕದಲ್ಲಿ 1942-43ರಲ್ಲಿ ಪ್ರಕಟವಾಯಿತು. ಯಾವ ಹಕ್ಕಿ ಎಲ್ಲಿದೆ ಎಂಬುದನ್ನು ಅಂತಹ ಸಮೀಕ್ಷೆ ತಿಳಿಸಬಲ್ಲದು. ವರ್ಷದಿಂದ ವರ್ಷಕ್ಕೆ ಅದು ಹೆಚ್ಚುತ್ತಿದೆಯೋ ಕಡಿಮೆಯಾಗುತ್ತಿದೆಯೋ ಎಂಬುದನ್ನು ತಿಳಿಸಲಾರದು. ಅದಕ್ಕೆ ಒಂದೇ ಸ್ಥಳಕ್ಕೆ ಮತ್ತೆ ಮತ್ತೆ ಹೋಗುವ ಅನೇಕ ಜನ ಬೇಕು. ಅಮೆರಿಕದಲ್ಲಿ ಫ್ರಾಂಕ್ ಚ್ಯಾಪ್‌ಮನ್ ಅವರ ಪ್ರೇರಣೆಯಿಂದ 1900ರ ಕ್ರಿಸ್‌ಮಸ್ ದಿನ 27 ಮಂದಿ ಆಸಕ್ತರು ಆರಂಭಿಸಿದ ಹಕ್ಕಿಗಳ ಎಣಿಕೆ ಇಂದಿಗೂ ನಡೆದುಬಂದಿದ್ದು, ಇಂತಹ ಪ್ರಯತ್ನಗಳಿಗೆ ಮೇಲ್ಪಂಕ್ತಿಯಾಗಿದೆ. ವೃತ್ತಿಯಿಂದ ವಿಜ್ಞಾನಿಗಳಲ್ಲದವರು ನಿಗದಿತ ಕ್ರಮದಲ್ಲಿ ಮಾಹಿತಿ ಸಂಗ್ರಹಿಸಿ ವಿಜ್ಞಾನಕ್ಕೆ ಒದಗಿಸುವ ಈ ವಿಧಾನವನ್ನೇ ಈಗ ‘ನಾಗರಿಕ ವಿಜ್ಞಾನ’ ಎಂದು ಕರೆಯಲಾಗುತ್ತಿದೆ.

ನೀರುಹಕ್ಕಿಗಳಿಗೆ ಸಂಬಂಧಿಸಿದಂತೆ 1987ರಲ್ಲಿ ಆರಂಭವಾದ ಏಷ್ಯಾ ನೀರುಹಕ್ಕಿ ಗಣತಿ ಒಂದು ಮಹತ್ವದ ಘಟ್ಟ. ಪ್ರತಿವರ್ಷ ಜನವರಿಯಲ್ಲಿ, ಬಹುಪಾಲು ವಲಸೆ ಹಕ್ಕಿಗಳು ತಂಗುದಾಣಗಳಲ್ಲಿ ನೆಲೆನಿಂತಿರುವ ಹೊತ್ತಿನಲ್ಲಿ, ಅನೇಕ ದೇಶಗಳ ಸ್ವಯಂಸೇವಕರು ಏಕಕಾಲಕ್ಕೆ ಜಲನೆಲೆಗಳಿಗೆ ಹೋಗಿ ಎಣಿಕೆ ಮಾಡುತ್ತಾರೆ. ಬೆಂಗಳೂರಿನ ಪಕ್ಷಿವೀಕ್ಷಕರು ಆ ದಶಕದ ಕೊನೆಯಿಂದಲೇ ನಗರದ ಸುತ್ತಲಿನ ಕೆರೆಗಳಲ್ಲಿ ಚಳಿಗಾಲದ ಎಣಿಕೆಯನ್ನು ಕೈಗೊಂಡರು. ಚಿಂತಾಮಣಿಯಿಂದ ಮದನಪಲ್ಲಿಯ ಕಡೆಗೆ ಹೋಗುವ ದಾರಿಯಾಚೆಗಿನ ರಿಷಿ ವ್ಯಾಲಿಯಲ್ಲಿ 1991ರಲ್ಲಿ ಪಕ್ಷಿಧಾಮವೊಂದು ರೂಪುಗೊಂಡು, ಎಸ್. ರಂಗಸ್ವಾಮಿಯವರಂತಹ ಶಿಕ್ಷಕರು ಪಕ್ಷಿವೀಕ್ಷಣೆಯನ್ನು ಪಾಠದ ಭಾಗವನ್ನಾಗಿಸಿದ್ದನ್ನೂ ಈ ಸಂದರ್ಭದಲ್ಲಿ ನೆನೆಯಬೇಕು. ಪೂರ್ಣಚಂದ್ರ ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ಮುಂತಾದ ಕೃತಿಗಳು ಕನ್ನಡದ ಓದುಗರಿಗೆ ಹಕ್ಕಿಗಳನ್ನು ಹೆಸರಿಟ್ಟು ಗುರುತಿಸುವ ರುಚಿ ಹತ್ತಿಸಿದವು. ಚಿಕ್ಕಬಳ್ಳಾಪುರ ಜಿಲ್ಲೆ ಹುಟ್ಟಿದ 2007ನೆಯ ವರ್ಷವೇ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಆಶ್ರಯದಲ್ಲಿ ‘ಮೈಗ್ರೆಂಟ್ ವಾಚ್’ ಎಂಬ ಯೋಜನೆ ಆರಂಭವಾಗಿ, ವಲಸೆ ಹಕ್ಕಿಗಳು ಯಾವ ದಿನ ಮೊದಲು ಕಾಣಿಸಿಕೊಂಡವು ಎಂಬುದನ್ನು ಜನರಿಂದಲೇ ಸಂಗ್ರಹಿಸತೊಡಗಿತು. ಮುಂದೆ ಆ ದಾಖಲೆಗಳು, 2002ರಲ್ಲಿ ಅಮೆರಿಕದಲ್ಲಿ ಹುಟ್ಟಿ ಜಗತ್ತಿನಾದ್ಯಂತ ಹಬ್ಬಿದ ‘ಇ-ಬರ್ಡ್’ ಸಂಗ್ರಹವನ್ನು ಸೇರಿದವು.

ಹೀಗೆ ಹನಿ ಹನಿಯಾಗಿ ಕೂಡಿದ ಮಾಹಿತಿಯ ಫಲವೇ ‘ಭಾರತದ ಪಕ್ಷಿಗಳ ಸ್ಥಿತಿಗತಿ’ ಎಂಬ ವರದಿ. 2020ರ ಮೊದಲ ವರದಿ 867 ಪ್ರಭೇದಗಳನ್ನೂ 2023ರ ಎರಡನೆಯ ವರದಿ 942 ಪ್ರಭೇದಗಳನ್ನೂ ಪರಿಶೀಲಿಸಿದವು. ಎರಡನೆಯ ವರದಿಗೆ ಆಧಾರವಾದದ್ದು ಸುಮಾರು 30,000 ಪಕ್ಷಿವೀಕ್ಷಕರು ಬರೆದಿಟ್ಟ ಸುಮಾರು ಮೂರು ಕೋಟಿ ದಾಖಲೆಗಳು. ವಲಸೆ ಬರುವ ಕೆಸರುಹಕ್ಕಿಗಳು ತೀವ್ರವಾಗಿ ಇಳಿಮುಖವಾಗಿವೆ ಎಂಬುದು ಈ ವರದಿಗಳ ಆತಂಕಕಾರಿ ನಿರ್ಣಯಗಳಲ್ಲಿ ಒಂದು. ಹಕ್ಕಿಗಳು ಮರಿಮಾಡುವ ಉತ್ತರ ದೇಶದಲ್ಲಿ ತೊಂದರೆಯಿರಬಹುದು, ದಾರಿಯಲ್ಲಿರಬಹುದು, ಅಥವಾ ಚಳಿಗಾಲ ಕಳೆಯುವ ನಮ್ಮ ಅಂಗಳದಲ್ಲಿಯೇ ಇರಬಹುದು. ಮೂರನೆಯದನ್ನು ಪರಿಶೀಲಿಸುವ ಹೊಣೆ ಮಾತ್ರ ನಮ್ಮದೇ.

ಎಣಿಕೆಯ ಕ್ರಮ

ಕೆರೆಯ ಹಕ್ಕಿಗಳನ್ನು ಎಣಿಸಲು ದುರ್ಬೀನು, ಕೈಪಿಡಿ, ಗಡಿಯಾರ ಮತ್ತು ಒಂದು ಟಿಪ್ಪಣಿ ಪುಸ್ತಕ ಸಾಕು. ಆದರೆ ಕ್ರಮಕ್ಕೆ ಕಟ್ಟುಬೀಳುವ ಮನಸ್ಸು ಬೇಕು. ಮೊದಲನೆಯ ನಿಯಮ, ಸ್ಥಳ ಬದಲಾಗಬಾರದು. ಏರಿಯ ಮೇಲಿನ ಇಂತಹ ಕಲ್ಲು, ಕೋಡಿಯ ಬಳಿಯ ಇಂತಹ ಮರ ಎಂದು ನಿಲ್ಲುವ ಜಾಗಗಳನ್ನು ನಿಗದಿ ಮಾಡಿಕೊಂಡು ಪ್ರತಿಬಾರಿಯೂ ಅಲ್ಲಿಂದಲೇ ನೋಡಬೇಕು. ಎರಡನೆಯದು ಹೊತ್ತು. ಸೂರ್ಯೋದಯದ ನಂತರದ ಮೊದಲ ಎರಡು ಮೂರು ಗಂಟೆ ಪ್ರಶಸ್ತ. ಬಿಸಿಲೇರಿದ ಮೇಲೆ ಹಕ್ಕಿಗಳು ವಿಶ್ರಮಿಸುವುದಲ್ಲದೆ, ನೆಲದ ಮೇಲಿನ ಗಾಳಿ ನಡುಗಿ ದೂರದ ಆಕೃತಿಗಳು ಕಲಸಿಹೋಗುತ್ತವೆ. ಸೂರ್ಯ ಬೆನ್ನ ಹಿಂದೆ ಇರುವಂತೆ ನಿಲ್ಲಬೇಕು. ಮೂರನೆಯದು ಶ್ರಮದ ಲೆಕ್ಕ. ಎಷ್ಟು ಹೊತ್ತು ನೋಡಿದೆವು, ಎಷ್ಟು ದೂರ ನಡೆದೆವು, ಎಷ್ಟು ಜನರಿದ್ದೆವು ಎಂಬುದನ್ನು ಬರೆಯದಿದ್ದರೆ, ಹತ್ತು ನಿಮಿಷದಲ್ಲಿ ಕಂಡ ಇಪ್ಪತ್ತು ಹಕ್ಕಿಗಳಿಗೂ ಎರಡು ಗಂಟೆಯಲ್ಲಿ ಕಂಡ ಇಪ್ಪತ್ತು ಹಕ್ಕಿಗಳಿಗೂ ವ್ಯತ್ಯಾಸ ತಿಳಿಯದು.

ಸಣ್ಣ ಗುಂಪನ್ನು ಒಂದೊಂದಾಗಿ ಎಣಿಸಬಹುದು. ನೂರಾರು ಬಾತುಗಳು ಒಟ್ಟಿಗೆ ತೇಲುತ್ತಿದ್ದರೆ ಮೊದಲು ಹತ್ತು ಹಕ್ಕಿಗಳು ಎಷ್ಟು ಜಾಗ ಹಿಡಿಯುತ್ತವೆ ಎಂಬುದನ್ನು ಕಣ್ಣಿಗೆ ರೂಢಿ ಮಾಡಿಕೊಂಡು, ಅಂತಹ ಎಷ್ಟು ತುಣುಕುಗಳು ಗುಂಪಿನಲ್ಲಿವೆ ಎಂದು ಅಳೆಯುವುದು ರೂಢಿಯಲ್ಲಿರುವ ವಿಧಾನ. ಇಬ್ಬರು ಬೇರೆ ಬೇರೆಯಾಗಿ ಎಣಿಸಿ ಹೋಲಿಸಿದರೆ ತಪ್ಪು ಬೇಗ ತಿಳಿಯುತ್ತದೆ. ಗುರುತು ಸಿಗದ ಹಕ್ಕಿಯನ್ನು ‘ಗುರುತಾಗದ ಗದ್ದೆಗೊರವ’ ಎಂದೇ ಬರೆಯಬೇಕು. ಊಹಿಸಿ ಹೆಸರು ಕೊಡುವುದಕ್ಕಿಂತ ಇದು ಹೆಚ್ಚು ಪ್ರಾಮಾಣಿಕವಾದುದು, ಹೆಚ್ಚು ಉಪಯುಕ್ತವಾದುದು. ಈ ತಾಲ್ಲೂಕುಗಳಲ್ಲಿ ಕನ್ನಡದೊಡನೆ ತೆಲುಗು ಮನೆಮಾತಾಗಿರುವ ಕುಟುಂಬಗಳು ಬಹಳ. ಒಬ್ಬರು ‘ಬಕ’ ಎಂದುದನ್ನು ಮತ್ತೊಬ್ಬರು ‘ಕೊಂಗ’ ಎನ್ನುತ್ತಾರೆ. ಒಂದೇ ‘ಕೊಂಗ’ ಬೆಳ್ಳಕ್ಕಿಯೂ ಆಗಬಹುದು, ಕೊಕ್ಕರೆಯೂ ಆಗಬಹುದು. ಆದಕಾರಣ ತಂಡವು ಮೊದಲು ಊರಿನ ಹೆಸರುಗಳನ್ನೆಲ್ಲ ಕಲೆಹಾಕಿ, ಚಿತ್ರವನ್ನು ಮುಂದಿಟ್ಟುಕೊಂಡು, ಯಾವ ಹೆಸರು ಯಾವ ಹಕ್ಕಿಗೆ ಎಂಬ ಪಟ್ಟಿ ಮಾಡಿಕೊಳ್ಳುವುದು ಅವಶ್ಯ.

ಹಕ್ಕಿಗಳ ಜೊತೆಗೆ ಕೆರೆಯ ಸ್ಥಿತಿಯನ್ನೂ ಬರೆಯಬೇಕು. ತೂಬಿನ ಕಂಬದ ಮೇಲೆ ನೀರಿನ ಗುರುತು ಎಲ್ಲಿದೆ, ಕೆಸರಿನ ಪಟ್ಟಿ ಸುಮಾರು ಎಷ್ಟು ಹೆಜ್ಜೆ ಅಗಲವಿದೆ, ನೀರಿನ ಮೇಲ್ಮೈಯಲ್ಲಿ ಕಳೆ ಎಷ್ಟು ಭಾಗ ಹಬ್ಬಿದೆ, ಅಂಗಳದಲ್ಲಿ ಬಳ್ಳಾರಿ ಜಾಲಿ ಬೆಳೆದಿದೆಯೇ, ಹೂಳೆತ್ತುವಿಕೆ ಅಥವಾ ಮೀನು ಹಿಡಿಯುವಿಕೆ ನಡೆದಿದೆಯೇ ಎಂಬ ಐದು ಸಂಗತಿಗಳು ಕನಿಷ್ಠ ಪಕ್ಷ ದಾಖಲಾಗಬೇಕು. ನೀರಗಂಟಿಯ ಬಾಯಲ್ಲಿದ್ದ ಲೆಕ್ಕವನ್ನು ಈ ರೀತಿಯಲ್ಲಿ ಮತ್ತೆ ಹಿಡಿಯಬಹುದು.

ಎಲ್ಲಕ್ಕಿಂತ ಹೆಚ್ಚಾಗಿ ಮರೆಯಬಾರದ ನಿಯಮವೆಂದರೆ ಸೊನ್ನೆಯನ್ನು ಬರೆಯುವುದು. ಹೊಸ ಸ್ವಯಂಸೇವಕರು ಹಕ್ಕಿ ಕಂಡ ದಿನ ಬರೆಯುತ್ತಾರೆ, ಕಾಣದ ದಿನ ಸುಮ್ಮನೆ ಮನೆಗೆ ಮರಳುತ್ತಾರೆ. ಗೌರಿಬಿದನೂರಿನವರಿಗೆ ಇದರ ತಪ್ಪನ್ನು ವಿವರಿಸುವುದು ಸುಲಭ. ಅಲ್ಲಿ 1965ರಿಂದ ಭಾಭಾ ಅಣು ಸಂಶೋಧನ ಕೇಂದ್ರದ ಭೂಕಂಪನ ಮಾಪಕಗಳ ಜಾಲವಿದೆ. 1976ರಿಂದ ರೇಡಿಯೋ ಖಗೋಳ ವೀಕ್ಷಣಾಲಯವಿದೆ. ಭೂಮಿ ನಡುಗಿದ ದಿನ ಮಾತ್ರ ಯಂತ್ರವನ್ನು ಚಾಲನೆ ಮಾಡುತ್ತೇವೆಂದರೆ ಆ ಜಾಲದಿಂದ ಪ್ರಯೋಜನವಿಲ್ಲ. ಏನೂ ನಡೆಯದ ಸಾವಿರಾರು ದಿನಗಳ ನಿಶ್ಚಲ ರೇಖೆಯೇ ನಡುಗಿದ ದಿನಕ್ಕೆ ಅರ್ಥ ಕೊಡುತ್ತದೆ. ಕೆರೆಯ ಎಣಿಕೆಯೂ ಹಾಗೆಯೇ. ಹೋಗಿ ನೋಡಿದೆವು, ಗದ್ದೆಗೊರವ ಒಂದೂ ಇರಲಿಲ್ಲ ಎಂಬ ಸಾಲು ಪುಸ್ತಕದಲ್ಲಿದ್ದರೆ ಮಾತ್ರ, ಇಲ್ಲದಿರುವುದಕ್ಕೂ ನೋಡದಿರುವುದಕ್ಕೂ ಇರುವ ಅಂತರ ಮುಂದಿನವರಿಗೆ ತಿಳಿದೀತು.

ನಾಲ್ಕು ತಾಲ್ಲೂಕುಗಳ ನಾಲ್ಕು ಬಗೆ

ಒಂದೇ ಜಿಲ್ಲೆಗೆ ಸೇರಿದ್ದರೂ ಈ ನಾಲ್ಕು ತಾಲ್ಲೂಕುಗಳ ಕೆರೆಗಳು ಎದುರಿಸುತ್ತಿರುವ ಸ್ಥಿತಿ ಒಂದೇ ಅಲ್ಲ. ಚಿಕ್ಕಬಳ್ಳಾಪುರದ ನೆರೆಯಲ್ಲಿ ನಂದಿ ಬೆಟ್ಟಸಾಲು ಇದೆ. ಬೆಂಗಳೂರಿನ ಪಕ್ಷಿಪ್ರಿಯರು ಚಳಿಗಾಲದಲ್ಲಿ ಬೆಟ್ಟದ ಮೇಲಿನ ಕಾಡುಹಕ್ಕಿಗಳಿಗಾಗಿ ಅಲ್ಲಿಗೆ ಹೋಗುವುದು ಬಹುಕಾಲದ ವಾಡಿಕೆ. ಬೆಟ್ಟದ ಬುಡದಲ್ಲಿರುವ ಕೆರೆಗಳನ್ನು ಅವರಲ್ಲಿ ಅನೇಕರು ದಾರಿಯಲ್ಲಿ ಕಂಡು ಮುಂದೆ ಸಾಗುತ್ತಾರೆ. ಪಟ್ಟಣದ ಅಂಚಿನ ಕಂದವಾರ ಕೆರೆಯಂತಹ ಜಲನೆಲೆಗಳು ನಗರದ ಸಂಸ್ಕರಿತ ನೀರನ್ನು ಪಡೆಯತೊಡಗಿದ ಮೇಲೆ ಇವುಗಳತ್ತ ನೋಡುವ ಅಗತ್ಯ ಹೆಚ್ಚಿದೆ.

ಗೌರಿಬಿದನೂರು ಉತ್ತರ ಪಿನಾಕಿನಿಯ ತಾಲ್ಲೂಕು. ನದಿಯ ಪಾತ್ರ ವರ್ಷದ ಹೆಚ್ಚಿನ ಕಾಲ ಒಣಗಿರುತ್ತದೆ. ಗಡಿಯಾಚೆ, ಹಿಂದೂಪುರದ ಸಮೀಪ, ಚಿಲಮತ್ತೂರು ಮಂಡಲದ ವೀರಾಪುರಂ ಗ್ರಾಮದಲ್ಲಿ ಬಣ್ಣದ ಕೊಕ್ಕರೆಗಳು ಊರ ನಡುವಿನ ಮರಗಳಲ್ಲಿಯೇ ಗೂಡುಕಟ್ಟುತ್ತವೆ. ಊರವರು ಅವನ್ನು ತಲೆಮಾರುಗಳಿಂದ ಕಾಯ್ದುಕೊಂಡು ಬಂದಿದ್ದಾರೆ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರು, 1999ರಲ್ಲಿ ತುಮಕೂರಿನ ವನ್ಯಜೀವಿಪ್ರಿಯರ ಮೂಲಕ ಹೊರಜಗತ್ತಿಗೆ ತಿಳಿದ ಸಿರಾ ತಾಲ್ಲೂಕಿನ ಕಗ್ಗಲಡು ಇವೂ ಇಂತಹ ಊರುಗಳೇ. ಗೂಡಿನಲ್ಲಿರುವ ಮರಿಗಳಿಗೆ ಬೇಕಾದ ಮೀನನ್ನು ತಾಯಿತಂದೆ ಹಕ್ಕಿಗಳು ಸುತ್ತಲಿನ ಕೆರೆಗಳಿಂದ ತರಬೇಕು. ಹಕ್ಕಿಗೆ ರಾಜ್ಯದ ಗಡಿಯಿಲ್ಲ. ಈಚಿನ ವರ್ಷಗಳಲ್ಲಿ ವೀರಾಪುರಂನಲ್ಲಿ ಕೊಕ್ಕರೆಗಳು ಸತ್ತು ಬಿದ್ದಾಗ, ಮೀನಿನ ಮೂಲಕ ಒಳಸೇರಿದ ಪರೋಪಜೀವಿ ಹುಳುಗಳತ್ತ ಪರೀಕ್ಷೆಗಳು ಬೆರಳು ತೋರಿದವು. ಅಂದರೆ ಆ ಊರಿನ ಮರದ ಮೇಲೆ ನಡೆದುದರ ಕಾರಣ ಅಕ್ಕಪಕ್ಕದ ಯಾವುದೋ ಕೆರೆಯ ನೀರಿನಲ್ಲಿರಬಹುದು. ಯಾವ ಕೆರೆಯಲ್ಲಿ ಕೊಕ್ಕರೆಗಳು ಯಾವ ತಿಂಗಳು ಮೇಯುತ್ತವೆ ಎಂಬ ದಾಖಲೆಯಿಲ್ಲದೆ ಆ ಜಾಡನ್ನು ಹಿಡಿಯಲಾಗದು.

ಶಿಡ್ಲಘಟ್ಟ ರೇಷ್ಮೆಯ ಊರು. ಇಲ್ಲಿನ ರೈತರು ಹುಳುವಿನ ಒಂದನೆಯ ಜ್ವರ, ಎರಡನೆಯ ಜ್ವರ ಎಂದು ನಾಲ್ಕು ಜ್ವರಗಳನ್ನೂ ದಿನ ತಪ್ಪದೆ ಗಮನಿಸಿ, ಮನೆಯ ಬಿಸಿ ಮತ್ತು ತೇವಕ್ಕೆ ತಕ್ಕಂತೆ ಸೊಪ್ಪು ಹಾಕುವವರು. ಹುಳು ಹಣ್ಣಾದುದನ್ನು ಬಣ್ಣ ನೋಡಿಯೇ ತಿಳಿದು ಚಂದ್ರಿಕೆಗೆ ಬಿಡುವವರು. ಸೂಕ್ಷ್ಮ ಬದಲಾವಣೆಯನ್ನು ದಿನದ ಲೆಕ್ಕದಲ್ಲಿ ಹಿಡಿಯುವ ಇಂತಹ ಕಣ್ಣಿಗೆ ಗದ್ದೆಗೊರವಗಳ ವ್ಯತ್ಯಾಸ ಕಲಿಯುವುದು ಕಷ್ಟವಲ್ಲ. ಹಾಗೆಯೇ ನೂಲು ತೆಗೆಯುವ ಘಟಕಗಳ ಬಳಕೆಯ ನೀರು ಎಲ್ಲಿ ಸೇರುತ್ತದೆ, ಅಲ್ಲಿ ಅಂಚಿನ ಜೀವಿಗಳು ಹೇಗಿವೆ ಎಂಬುದೂ ಇಲ್ಲಿ ಗಮನಿಸಬೇಕಾದ ವಿಷಯ. ಚಿಂತಾಮಣಿ ತಾಲ್ಲೂಕಿನ ಕುರುಬೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ರೇಷ್ಮೆ ಮಹಾವಿದ್ಯಾಲಯವಿದೆ. ಪ್ರತಿವರ್ಷ ಹೊಸ ವಿದ್ಯಾರ್ಥಿಗಳು ಬರುವ ಇಂತಹ ಸಂಸ್ಥೆ ಒಂದೆರಡು ಕೆರೆಗಳನ್ನು ದತ್ತು ತೆಗೆದುಕೊಂಡರೆ ವ್ಯಕ್ತಿಗಳು ಬದಲಾದರೂ ಎಣಿಕೆ ನಿಲ್ಲದೆ ಸಾಗಬಹುದು. ಸ್ವಯಂಸೇವೆಯ ದೊಡ್ಡ ದೌರ್ಬಲ್ಯವೇ ವ್ಯಕ್ತಿ ಊರು ಬಿಟ್ಟೊಡನೆ ದಾಖಲೆ ಕಡಿದುಹೋಗುವುದು.

ಇಳಿತವಿಲ್ಲದ ಕೆರೆ

ಈ ಎಲ್ಲವೂ ಇಂದು ತುರ್ತಾಗಿರುವುದಕ್ಕೆ ಒಂದು ನಿರ್ದಿಷ್ಟ ಕಾರಣವಿದೆ. ಅಂತರ್ಜಲ ಬಹಳ ಆಳಕ್ಕೆ ಇಳಿದು, ಕುಡಿಯುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಿ, ದಶಕಗಳ ಬರದಿಂದ ಬಳಲಿದ್ದ ಈ ಸೀಮೆಗೆ ಬೆಂಗಳೂರಿನ ಕೊಳಚೆ ನೀರನ್ನು ಎರಡನೆಯ ಹಂತದವರೆಗೆ ಶುದ್ಧೀಕರಿಸಿ ಕೆರೆಗಳಿಗೆ ತುಂಬಿಸುವ ಯೋಜನೆಗಳನ್ನು ಸರ್ಕಾರ ಕೈಗೆತ್ತಿಕೊಂಡಿತು. ಕೋರಮಂಗಲ-ಚಲ್ಲಘಟ್ಟ ಕಣಿವೆಯ ದಿನಕ್ಕೆ 440 ದಶಲಕ್ಷ ಲೀಟರ್ ನೀರಿನ ಯೋಜನೆ 2018ರಲ್ಲಿ ಕೋಲಾರದತ್ತ ಹರಿಯಿತು. ಹೆಬ್ಬಾಳ-ನಾಗವಾರ ಕಣಿವೆಯ ದಿನಕ್ಕೆ 210 ದಶಲಕ್ಷ ಲೀಟರಿನ ಯೋಜನೆ ಅದರ ನಂತರ ಚಿಕ್ಕಬಳ್ಳಾಪುರ ಜಿಲ್ಲೆಯನ್ನು ತಲಪಿತು. 2018ರಲ್ಲಿ ಕೋಲಾರದ ಕೆರೆಯಲ್ಲಿ ನೊರೆ ಕಾಣಿಸಿಕೊಂಡಾಗ ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ಮೂರನೆಯ ಹಂತದ ಶುದ್ಧೀಕರಣವಾಗಲೇಬೇಕೆಂಬ ಒತ್ತಾಯ ನೀರಾವರಿ ಹೋರಾಟಗಾರರಿಂದ ಬಂದಿತು. ಒಣಗಿದ ಕೊಳವೆಬಾವಿಯಲ್ಲಿ ನೀರು ಕಂಡ ರೈತನ ಸಮಾಧಾನವೂ ನಿಜ, ಆ ನೀರಿನ ಗುಣವನ್ನು ಶಂಕಿಸುವವನ ಆತಂಕವೂ ನಿಜ. ಇವೆರಡರ ನಡುವೆ ತೀರ್ಪು ಕೊಡುವುದು ಈ ಲೇಖನದ ವ್ಯಾಪ್ತಿಗೆ ಸೇರಿಲ್ಲ.

ಇಲ್ಲಿ ಗಮನಿಸಬೇಕಾದುದು ಬೇರೆ. ಮಳೆನೀರಿನ ಕೆರೆ ವರ್ಷಕ್ಕೊಮ್ಮೆ ಉಬ್ಬಿ ಇಳಿಯುತ್ತಿತ್ತು. ಪೈಪಿನ ನೀರು ಋತುವನ್ನು ಅರಿಯದು. ಅದು ದಿನವೂ ಬರುತ್ತದೆ. ಮಾರ್ಚಿನಲ್ಲಿಯೂ ಕೆರೆ ತುಂಬಿಯೇ ಇದ್ದರೆ ಕೆಸರಿನ ಪಟ್ಟಿ ತೆರೆದುಕೊಳ್ಳುವುದಿಲ್ಲ. ನೀರಿನಲ್ಲಿರುವ ಸಾರಜನಕ ಮತ್ತು ರಂಜಕದ ಅಂಶಗಳು ಅಂತರಗಂಗೆ, ಆಪು ಮುಂತಾದ ಸಸ್ಯಗಳಿಗೆ ಗೊಬ್ಬರವಾಗಿ ಅಂಚು ಮುಚ್ಚಿಹೋಗುವ ಸಂಭವವಿದೆ. ಆಗ ನಾಮದ ಕೋಳಿ, ನೀರುಕಾಗೆ, ಜಂಬುಕೋಳಿಗಳು ಹೆಚ್ಚಬಹುದು, ಗದ್ದೆಗೊರವಗಳು ಕಡಿಮೆಯಾಗಬಹುದು, ಬರಿ ಅಂಗಳದಲ್ಲಿ ಮೊಟ್ಟೆಯಿಡುವ ಟಿಟ್ಟಿಭಕ್ಕೆ ಜಾಗ ಸಿಗದೆ ಹೋಗಬಹುದು. ಒಟ್ಟು ಹಕ್ಕಿಗಳ ಸಂಖ್ಯೆ ಏರಿದ್ದನ್ನೇ ಕಂಡು ಕೆರೆ ಸುಧಾರಿಸಿತೆಂದು ಸಾರಿದರೆ ಈ ಒಳಗಿನ ಬದಲಾವಣೆ ಕಣ್ತಪ್ಪುತ್ತದೆ. ಪ್ರಭೇದವಾರು ಎಣಿಕೆ, ಅದರ ಪಕ್ಕದಲ್ಲಿಯೇ ನೀರಿನ ಮಟ್ಟ, ಈ ಎರಡು ಕಾಲಂಗಳಿರುವ ಪುಸ್ತಕ ಮಾತ್ರ ಅದನ್ನು ತೋರಿಸಬಲ್ಲದು. ಯೋಜನೆಯ ನೀರು ಬಾರದ, ಮಳೆಯನ್ನೇ ನಂಬಿದ ಕೆರೆಯೊಂದನ್ನೂ ಜೊತೆಯಲ್ಲಿ ಎಣಿಸಿದರೆ ಹೋಲಿಕೆಗೆ ಆಧಾರ ದೊರೆಯುತ್ತದೆ. 2021ರ ನವೆಂಬರಿನಲ್ಲಿ ಸುರಿದಂತಹ ಅಕಾಲದ ಭಾರೀ ಮಳೆಗೆ ಎರಡು ಬಗೆಯ ಕೆರೆಗಳೂ ಒಟ್ಟಿಗೆ ಕೋಡಿ ಬಿದ್ದಾಗ, ಯಾವುದು ಮಳೆಯ ಪರಿಣಾಮ, ಯಾವುದು ಪೈಪಿನ ಪರಿಣಾಮ ಎಂದು ಬೇರ್ಪಡಿಸಲು ಇಂತಹ ಹೋಲಿಕೆಯೊಂದೇ ದಾರಿ.

ಕಾನೂನಿನ ಆಸರೆ ಈ ಅಂಚಿಗೆ ತೆಳುವಾಗಿಯೇ ಇದೆ. ಕೇಂದ್ರ ಸರ್ಕಾರದ 2017ರ ಜೌಗುಪ್ರದೇಶ ನಿಯಮಗಳು, ಕುಡಿಯುವ ನೀರಿಗಾಗಿ ಹಾಗೂ ನೀರಾವರಿಗಾಗಿ ಮನುಷ್ಯರು ಕಟ್ಟಿದ ಜಲಾಶಯಗಳನ್ನು ‘ಜೌಗುಪ್ರದೇಶ’ದ ವ್ಯಾಖ್ಯೆಯಿಂದ ಹೊರಗಿಟ್ಟಿವೆ. ಬಯಲುಸೀಮೆಯ ಕೆರೆಗಳೆಲ್ಲವೂ ಮನುಷ್ಯರು ಕಟ್ಟಿದವೇ. ಆದರೂ ಮಾರ್ಗ ಮುಚ್ಚಿಲ್ಲವೆಂಬುದಕ್ಕೆ ನಿದರ್ಶನವಿದೆ. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಪಟ್ಟಿಗೆ ಕರ್ನಾಟಕದಿಂದ ಸೇರಿದ ಮೂರು ತಾಣಗಳಲ್ಲಿ ಕರಾವಳಿಯ ಅಘನಾಶಿನಿ ಅಳಿವೆಯ ಜೊತೆಗೆ ಅಂಕಸಮುದ್ರ ಮತ್ತು ಮಾಗಡಿ ಎಂಬ ಎರಡು ಹಳ್ಳಿಗೆರೆಗಳೂ ಇದ್ದವು. ಕೆರೆಯ ಹೆಸರು ಅಂತಹ ಪಟ್ಟಿಗೆ ಏರಬೇಕಾದರೆ ಅಲ್ಲಿ ಯಾವ ಹಕ್ಕಿಗಳು ಎಷ್ಟಿವೆ ಎಂಬುದಕ್ಕೆ ವರ್ಷಾನುವರ್ಷದ ಎಣಿಕೆಯ ಆಧಾರವಿರಬೇಕು. 2002ರ ಜೀವವೈವಿಧ್ಯ ಕಾಯಿದೆಯಡಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸಿದ್ಧವಾಗಬೇಕಾದ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಸ್ವಯಂಸೇವಕರ ಎಣಿಕೆಯನ್ನು ಸೇರಿಸಿದರೆ ಅದಕ್ಕೆ ಅಧಿಕೃತ ಸ್ಥಾನವೂ ದೊರೆತೀತು.

ಮಿತಿಗಳು ಮತ್ತು ಎಚ್ಚರಗಳು

ನಾಗರಿಕ ವಿಜ್ಞಾನದ ಮಾಹಿತಿ ದೋಷಮುಕ್ತವೆಂದು ಹೇಳಲಾಗದು. ರಸ್ತೆಯ ಬದಿಯ ಕೆರೆಗೆ ಹೋಗುವವರು ಹೆಚ್ಚು, ಒಳನಾಡಿನ ಕೆರೆಗೆ ಹೋಗುವವರು ಕಡಿಮೆ. ಭಾನುವಾರದ ಎಣಿಕೆ ಹೆಚ್ಚು, ವಾರದ ದಿನದ್ದು ಕಡಿಮೆ. ಚಳಿಗಾಲದ ದಾಖಲೆ ಹೆಚ್ಚು, ಬಿರುಬೇಸಿಗೆಯದು ಕಡಿಮೆ. ಅಪರೂಪದ ಹಕ್ಕಿಯ ಬಗೆಗಿನ ಉತ್ಸಾಹದಲ್ಲಿ ಸಾಮಾನ್ಯ ಹಕ್ಕಿಗಳನ್ನು ಎಣಿಸದೆ ಬಿಡುವ ಪ್ರವೃತ್ತಿಯೂ ಇದೆ. ಈ ವಾಲಿಕೆಗಳನ್ನು ಸಂಖ್ಯಾಶಾಸ್ತ್ರದ ವಿಧಾನಗಳಿಂದ ಒಂದು ಮಟ್ಟಿಗೆ ಸರಿಪಡಿಸಬಹುದು. ಆದರೆ ಯಾರೂ ಹೋಗದ ಕೆರೆಯ ಬಗ್ಗೆ ಯಾವ ಗಣಿತವೂ ಏನನ್ನೂ ಹೇಳಲಾರದು. 2014ರಿಂದ 2016ರವರೆಗೆ ಸ್ವಯಂಸೇವಕರು ಕೈಗೊಂಡ ಮೈಸೂರು ನಗರದ ಪಕ್ಷಿ ನಕ್ಷೆಯ ಕಾರ್ಯದಲ್ಲಿ ಪ್ರದೇಶವನ್ನು ಚೌಕಗಳಾಗಿ ಹಂಚಿಕೊಂಡು ಸಮೀಕ್ಷೆ ನಡೆಸಿದ ಕ್ರಮ ಇದಕ್ಕೆ ಮಾದರಿಯಾಗಬಲ್ಲದು. ತಮಗೆ ಇಷ್ಟವಾದ ಕೆರೆಗೆ ಹೋಗುವ ಬದಲು ಪಾಲಿಗೆ ಬಂದ ಕೆರೆಗೆ ಹೋಗುವುದು ಅದರ ತಿರುಳು.

ಹಕ್ಕಿಗಳಿಗೆ ತೊಂದರೆಯಾಗದಂತೆ ನೋಡಿಕೊಳ್ಳುವುದು ಮತ್ತೊಂದು ಹೊಣೆ. ಛಾಯಾಚಿತ್ರಕ್ಕಾಗಿ ಗುಂಪನ್ನು ಎಬ್ಬಿಸುವುದು, ಟಿಟ್ಟಿಭದ ಮೊಟ್ಟೆಯ ಬಳಿ ನಿಲ್ಲುವುದು, ಗೂಡಿನ ನೆಲೆಯನ್ನು ಎಲ್ಲರಿಗೂ ಸಾರುವುದು ಸಲ್ಲದು. ಮೀನು ಹಿಡಿಯುವವರು, ದನ ಮೇಯಿಸುವವರು, ಅಂಗಳದಲ್ಲಿ ಸೊಪ್ಪು ಬೆಳೆಯುವವರು ಕೆರೆಯ ಹಕ್ಕುದಾರರೆಂಬುದನ್ನು ಪಟ್ಟಣದಿಂದ ಬರುವ ಸ್ವಯಂಸೇವಕ ಮರೆಯಬಾರದು. ಅವರನ್ನು ಕೇಳಿದರೆ ಸಿಗುವ ಮಾಹಿತಿ ದುರ್ಬೀನಿಗೆ ಸಿಗದು. ಅವರನ್ನು ಹೊರಗಿಟ್ಟು ನಡೆಸಿದ ಎಣಿಕೆ ಬಹುಕಾಲ ಬಾಳದು.

ಉಪಸಂಹಾರ

ಮೇಲಿನ ಚರ್ಚೆಯಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಬಯಲುಸೀಮೆಯ ಕೆರೆಯ ಅಂಚು ಕಡಲತೀರದಷ್ಟೇ ನಿಜವಾದ ಜೀವನೆಲೆ. ಅದರ ಜೀವಾಳ ನೀರಿನ ಏರಿಳಿತದಲ್ಲಿದೆ. ಆ ಏರಿಳಿತ ನಮ್ಮ ಕಣ್ಣೆದುರೇ ಬದಲಾಗುತ್ತಿದೆ. ಬದಲಾವಣೆ ಒಳ್ಳೆಯದೋ ಕೆಟ್ಟದ್ದೋ ಎಂದು ನಿರ್ಧರಿಸಲು ಬೇಕಾದ ಪುರಾವೆಯನ್ನು ಇಷ್ಟೊಂದು ಕೆರೆಗಳಿಂದ ವರ್ಷವಿಡೀ ಸಂಗ್ರಹಿಸುವ ಶಕ್ತಿ ಯಾವುದೇ ಇಲಾಖೆಗಾಗಲಿ ವಿಶ್ವವಿದ್ಯಾನಿಲಯಕ್ಕಾಗಲಿ ಇಲ್ಲ. ಕೆರೆಯ ಪಕ್ಕದಲ್ಲಿಯೇ ಬಾಳುವ ಶಿಕ್ಷಕರು, ವಿದ್ಯಾರ್ಥಿಗಳು, ರೈತರು, ಮೀನುಗಾರರು ಮಾತ್ರ ಅದನ್ನು ಮಾಡಬಲ್ಲರು.

ಪ್ರತಿಯೊಂದು ಪ್ರೌಢಶಾಲೆಯೂ ತನ್ನ ಊರಿನ ಒಂದು ಕೆರೆಯನ್ನು ಆರಿಸಿಕೊಂಡು, ತಿಂಗಳಿಗೊಮ್ಮೆ ಒಂದು ಗಂಟೆ ಎಣಿಕೆ ನಡೆಸಿ, ತೂಬಿನ ಮಟ್ಟದೊಡನೆ ಪುಸ್ತಕದಲ್ಲಿ ಬರೆದು, ಒಂದು ಪ್ರತಿಯನ್ನು ಪಂಚಾಯಿತಿಗೂ ಮತ್ತೊಂದನ್ನು ಪಕ್ಷಿ ದಾಖಲೆಗಳ ಸಾರ್ವಜನಿಕ ಸಂಗ್ರಹಕ್ಕೂ ಸಲ್ಲಿಸಿದರೆ, ಹತ್ತು ವರ್ಷಗಳಲ್ಲಿ ಈ ನಾಲ್ಕು ತಾಲ್ಲೂಕುಗಳ ತೀರದ ಚರಿತ್ರೆಯೇ ಸಿದ್ಧವಾಗುತ್ತದೆ. ನೀರಗಂಟಿ ಬರೆಯಲಿಲ್ಲ; ಅವನೊಡನೆ ಅವನ ಕೆರೆಯ ನೆನಪೂ ಹೋಯಿತು. ಅವನ ಜಾಗದಲ್ಲಿ ನಿಲ್ಲುವ ಇಂದಿನ ಸ್ವಯಂಸೇವಕನ ಕೈಯಲ್ಲಿ ಪುಸ್ತಕವಿದೆ. ಮುಂದಿನ ಜನವರಿಯ ಎಣಿಕೆಯ ದಿನ ಆ ಪುಸ್ತಕದ ಮೊದಲ ಸಾಲು ಬರಿಯ ಸೊನ್ನೆಯಾದರೂ ಚಿಂತೆಯಿಲ್ಲ, ಅದು ದಿನಾಂಕದೊಡನೆ ಬರೆದ ಸೊನ್ನೆಯಾಗಿರಲಿ.